ದುಂಡಮ್ಮನ ಬಾಗಿಲಲ್ಲಿ ನಿಂತ ನೀರು

ನಮ್ಮೂರಿನ ನೀರಿಗೆ ಮರ್ಯಾದೆ ಸ್ವಲ್ಪ ಜಾಸ್ತಿ. ಕರೆಯದೆ ಅದು ಎಲ್ಲಿಗೂ ಹೋಗುವುದಿಲ್ಲ. ಮುಂದೆ ಒಬ್ಬರು ನಡೆಯಬೇಕು, ಹಿಂದೆ ಅದು ಬರಬೇಕು. ಅವರು ನಿಂತರೆ ನಿಲ್ಲುತ್ತದೆ, ಕೂತರೆ ಕೂರುತ್ತದೆ. ಅದೂ ಯಾವನೋ ದಾರಿಹೋಕ ಮುಂದೆ ನಡೆದರೆ ಕ್ಯಾರೇ ಅನ್ನುವುದಿಲ್ಲ, ಗುರುತಿನವರೇ ಆಗಬೇಕು. ನನಗೆ ಬುದ್ಧಿ ಬಂದಾಗಿನಿಂದ ಇಡೀ ಊರಲ್ಲಿ ಅದಕ್ಕೆ ಗುರುತಿರುವುದು ಒಬ್ಬರದೇ, ನಮ್ಮಪ್ಪನ ಅಕ್ಕ ಮಂಚಮ್ಮತ್ತೆಯದು.

ಅತ್ತೆಗೆ ಈಗ ಎಪ್ಪತ್ತು ದಾಟಿದೆ. ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗಿನಿಂದ ಬೆಳಗಾದರೆ ಆನೆಬೆನ್ನು ಗುಡ್ಡ ಹತ್ತಿ, ಅಲ್ಲಿನ ಒರತೆಯ ಮುಂದೆ ನಿಂತು, "ಏಳು, ಹೊತ್ತಾಯ್ತು" ಅನ್ನುತ್ತಾಳೆ. ಇಷ್ಟೇ ಮಂತ್ರ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿಯಲು ಶುರುಮಾಡಿದರೆ ನೀರು ಮೊಳದಗಲದ ಪಟ್ಟಿಯಾಗಿ ಅವಳ ಹಿಮ್ಮಡಿ ಹಿಡಿದು ಬರುತ್ತದೆ. ಗುಡ್ಡದಿಂದ ಊರಿಗೆ ಒಂದು ಹರದಾರಿ. ಊರ ಮುಂದಿನ ಕಟ್ಟೆಗೆ ಅದನ್ನು ಸೇರಿಸಿ, "ಇರು ಇಲ್ಲೇ" ಅಂದು ಮನೆಗೆ ಬಂದು ಮುದ್ದೆ ಮುರಿಯುತ್ತಾಳೆ. ನಾವು ಕಟ್ಟೆಯಿಂದ ಬಿಂದಿಗೆ ತುಂಬಿಕೊಳ್ಳುತ್ತೇವೆ. ಕೈಯಲ್ಲಿ ಮೊಗೆದರೆ ನೀರು ಬೇಜಾರು ಮಾಡಿಕೊಳ್ಳುವುದಿಲ್ಲ, ಸದ್ಯ.

ಹೊರಗಿನವರಿಗೆ ಇದು ಬೆರಗು. ನಮಗೆ ಇದು ಬರೀ ಸಂಸಾರ. ಒಂದೇ ತೊಂದರೆ ಎಂದರೆ ಮಳೆಗಾಲ. ಆಗ ಬೀದಿಯಲ್ಲಿ ನಿಂತ ನೀರೆಲ್ಲ ಅತ್ತೆಯನ್ನು ಕಂಡರೆ ಎದ್ದು ಹಿಂದೆ ಹೊರಡುತ್ತದೆ. ಹಾಗಾಗಿ ಮಳೆಗಾಲದ ಮದುವೆಗೆ ಅವಳನ್ನು ಯಾರೂ ಒಳಗೆ ಕರೆಯುವುದಿಲ್ಲ, ಊಟವನ್ನು ಮನೆಗೇ ಕಳಿಸುತ್ತಾರೆ. ನನ್ನ ಮದುವೆ ಆದದ್ದು ಶ್ರಾವಣದಲ್ಲಿ. ಸ್ವಂತ ಅತ್ತೆ, ಬೇಡ ಅನ್ನಲಾಗುತ್ತದೆಯೇ? ಬಂದು ಅಕ್ಷತೆ ಹಾಕಿದಳು. ಬೀಗರು ಮೊಣಕಾಲುದ್ದ ನೀರಲ್ಲಿ ಕೂತು ಪಾಯಸ ಉಂಡರು. ನನ್ನ ಹೆಂಡತಿ ಚೆನ್ನಿ ಅದನ್ನು ಇವತ್ತಿಗೂ ಮರೆತಿಲ್ಲ, ನನಗೂ ಮರೆಯಲು ಬಿಟ್ಟಿಲ್ಲ.

ನಗುವ ಮಾತು ಇಷ್ಟು. ನಗದ ಮಾತೂ ಒಂದಿದೆ. ಒರತೆಯ ಹತ್ತಿರ ಆ ನೀರು ಗಾಜಿನ ಹಾಗಿರುತ್ತದೆ. ಊರು ಸೇರುವ ಹೊತ್ತಿಗೆ ಅದು ದಾರಿಯಲ್ಲಿ ಎಲ್ಲರನ್ನೂ ಮಾತಾಡಿಸಿಕೊಂಡು ಬಂದಿರುತ್ತದೆ: ಕುರಿದೊಡ್ಡಿ, ಎಮ್ಮೆ ಮಲಗುವ ಹಳ್ಳ, ಬಟ್ಟೆ ಒಗೆಯುವ ಬಂಡೆ, ತಿಪ್ಪೆಗಳ ಸಾಲು. ಅತ್ತೆ ಎಲೆಅಡಿಕೆ ಹಾಕಲು ಎಲ್ಲಿ ಕೂತಳೋ ಅಲ್ಲಿ ನೀರೂ ಕೂರುತ್ತದೆ, ಎಮ್ಮೆ ಬಂದು ಅದರಲ್ಲಿ ಹೊರಳುತ್ತದೆ. ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ. ಮಳೆ ಬಿದ್ದು ತಿಪ್ಪೆಗಳು ನೆನೆದವೆಂದರೆ ಊರಿನ ಮಕ್ಕಳಿಗೆ ಹೊಟ್ಟೆ ಹಿಡಿಯುತ್ತದೆ. ಹೋದ ವರ್ಷ ನನ್ನ ಮಗಳು ರತುನಿ ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಎಂಟು ವರ್ಷದ ಮಗು, ಎತ್ತಿಕೊಂಡರೆ ಸೈಕಲ್ಲಿನ ಟೈರಿನಷ್ಟೂ ಭಾರವಿರಲಿಲ್ಲ. ಕಳಿಸುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಮಳೆಗಾಲ ಈ ನೀರು ಕುಡಿಸಿದರೆ ನನ್ನ ಕೈಯಲ್ಲಿ ಏನೂ ಇಲ್ಲ ನೋಡಿ" ಅಂದರು. ಮನೆಯಲ್ಲಿ ಚೆನ್ನಿ ಕಾಯಿಸಿ ಆರಿಸಿ ಕೊಡುತ್ತಾಳೆ. ಆದರೆ ಆಟಕ್ಕೆ ಬಿದ್ದ ಮಗು ಕಟ್ಟೆಗೆ ಬಾಯಿ ಹಾಕುವುದನ್ನು ಯಾರು ತಡೆಯುತ್ತಾರೆ? ನಾನು ಚಿಕ್ಕವನಿದ್ದಾಗ ನನ್ನನ್ನೂ ಯಾರೂ ತಡೆಯಲಿಲ್ಲ.

ಅಷ್ಟರಲ್ಲಿ ಜುಬೇದಾ ಮೇಡಂ ಬಂದರು. ಕುಡಿಯುವ ನೀರಿನ ಇಂಜಿನಿಯರು. ಸ್ಕೂಟರಿನ ಮುಂದೆ ನಕ್ಷೆಗಳ ಕೊಳವೆ, ಹಿಂದೆ ಟಿಫನ್ ಡಬ್ಬಿ. ಒರತೆಯಿಂದ ಊರಿಗೆ ನೇರ ಪೈಪು, ನಡುವೆ ಮೇಗಲಹಟ್ಟಿಗೆ ಒಂದು ನಲ್ಲಿ, ಊರಿನ ಶಾಲೆಯ ಹತ್ತಿರ ಒಂದು ತೊಟ್ಟಿ, ತೊಟ್ಟಿಗೆ ಎಂಟು ನಲ್ಲಿ. ನಾನು ಪಂಚರ್ ಅಂಗಡಿಯವನು. ಗಾಳಿ ಎಲ್ಲಿ ಸೋರುತ್ತದೆ ಎಂದು ಹುಡುಕುವುದೇ ನನ್ನ ಕಸುಬು, ಹಾಗಾಗಿ ಪೈಪು ಜೋಡಿಸುವ ಕೆಲಸಕ್ಕೆ ನನ್ನನ್ನೇ ಹಿಡಿದರು. ಒಂದೊಂದು ಜೋಡಣೆಯನ್ನೂ ಸೋಪಿನ ನೊರೆ ಬಳಿದು, ಗುಳ್ಳೆ ಏಳುತ್ತದೆಯೇ ಎಂದು ನೋಡಿಯೇ ಮುಂದಕ್ಕೆ ಹೋದೆ. ಊರಲ್ಲಿ ಎಲ್ಲರೂ ನನ್ನನ್ನು ಪಂಚರ್ ಬೋರಯ್ಯ ಅನ್ನುತ್ತಿದ್ದವರು ಆ ಮೂರು ತಿಂಗಳು ಪೈಪ್ ಬೋರಯ್ಯ ಅಂದರು. ಬಡ್ತಿ ಎಂದರೆ ಬಡ್ತಿಯೇ.

ನೀರಿನ ಗುಣ ನಾನು ಮೊದಲೇ ಹೇಳಿದ್ದೆ. ಮೇಡಂ ನಂಬಿರಲಿಲ್ಲ. "ಬೋರಯ್ಯ, ಇಳಿಜಾರಿದೆ. ಇಳಿಜಾರಿದ್ದ ಮೇಲೆ ನೀರು ಬರಲೇಬೇಕು" ಅಂದಿದ್ದರು.

"ಬರಬೇಕು ನಿಜ ಮೇಡಂ. ಆದ್ರೆ ಯಾರಾದ್ರೂ ಕರೀಬೇಕಲ್ಲ?" ಅಂದಿದ್ದೆ.

ಪೈಪಿನ ಬಾಯಿಯನ್ನು ಒರತೆಗೆ ಇಟ್ಟ ದಿನ ನೀರು ಬಾಯಿಯವರೆಗೆ ಬಂದು, ಒಳಗೆ ಇಣುಕಿ, ಹೊರಗೇ ನಿಂತಿತು. ಮೇಡಂ ಮೂರು ದಿನ ಅದರ ಮುಂದೆ ಕೂತರು. ಮಟ್ಟ ನೋಡಿದರು, ಅಳತೆ ತೆಗೆದರು, ಒಮ್ಮೆ ಬೈದರು ಕೂಡ. ಮೂರನೆಯ ದಿನ ಮಧ್ಯಾಹ್ನ ಟಿಫನ್ ಡಬ್ಬಿ ಮುಚ್ಚಿ, ನಕ್ಷೆ ಬಿಡಿಸಿ, ಪೈಪಿನ ಗೆರೆಯ ಪಕ್ಕ ಪೆನ್ಸಿಲಿನಲ್ಲಿ ಬರೆದರು: ಮುಂದೆ ಒಬ್ಬರು ನಡೆಯತಕ್ಕದ್ದು. ಆವತ್ತಿನಿಂದ ಅವರು ನಮ್ಮೂರಿನವರೇ ಆಗಿಬಿಟ್ಟರು.

ಅತ್ತೆಗೆ ಈ ಪೈಪು ಅಷ್ಟಾಗಿ ಇಷ್ಟವಿರಲಿಲ್ಲ. "ಅಡ್ಡದಾರಿ ಕಂಡ್ರೆ ನಂಗಾಗಾಕಿಲ್ಲ" ಎಂದು ಗೊಣಗಿದಳು. ಆದರೂ ರತುನಿಯ ಮುಖ ನೋಡಿ ಒಪ್ಪಿದಳು. ಪೈಪು ಮಲಗಿಸಿದ ಕಾಲುವೆಗೆ ಇನ್ನೂ ಮಣ್ಣು ಮುಚ್ಚಿರಲಿಲ್ಲ. ಅದರ ಅಂಚಿನಲ್ಲಿ ಅವಳು ನಡೆಯಬೇಕು, ಪೈಪಿನೊಳಗೆ ನೀರು ಬರಬೇಕು. ಊರಿಗೆ ಊರೇ ತಮಟೆ ಹಿಡಿದು ಹೊರಟಿತು. ಅತ್ತೆ "ಏಳು, ಹೊತ್ತಾಯ್ತು" ಅಂದಳು. ನಾನು ಪೈಪಿಗೆ ಕಿವಿ ಇಟ್ಟೆ. ಒಳಗೆ ಗುಳುಗುಳು ಎಂದು ಬಂತು! ನನಗೆ ಕುಣಿಯಬೇಕು ಅನ್ನಿಸಿತು, ಕುಣಿದೆನೋ ಏನೋ, ಜನ ಹೇಳುತ್ತಾರೆ.

ಮುಕ್ಕಾಲು ದಾರಿ ಮುಗಿದು ಮೇಗಲಹಟ್ಟಿ ಕಂಡಿತು. ನಲವತ್ತು ಮನೆಗಳ ಹಟ್ಟಿ, ಮೊದಲನೆಯದೇ ದುಂಡಮ್ಮನ ಮನೆ. ಪೈಪು ಅವಳ ಅಂಗಳದ ಮುಂದೆ ನೇರವಾಗಿ ಹೋಗಿತ್ತು. ಅತ್ತೆ ಆ ಅಂಗಳಕ್ಕೆ ಇಪ್ಪತ್ತು ಹೆಜ್ಜೆ ಇರುವಾಗ ಎಡಕ್ಕೆ ತಿರುಗಿ, ಬಂಡೆಗಳ ನಡುವೆ ಹೊಲ ಸುತ್ತುವ ಹಳೆಯ ದಾರಿ ಹಿಡಿದಳು. ಅತ್ತೆ ತಿರುಗಿದಳು ಎಂದರೆ ನೀರೂ ತಿರುಗಬೇಕಲ್ಲ? ಪೈಪಿನಲ್ಲಿ ಎಡ ಎಲ್ಲಿದೆ? ಢಬ್ ಎಂದು ನನ್ನ ಜೋಡಣೆ ಬಿಚ್ಚಿ, ನೀರು ಎಡಕ್ಕೆ ನೆಗೆದು, ತಮಟೆಯವರನ್ನೆಲ್ಲ ತೋಯಿಸಿ ಅತ್ತೆಯ ಹಿಂದೆ ಓಡಿತು.

ಇದನ್ನು ನಾವು ಮೊದಲೇ ಯೋಚಿಸಬೇಕಿತ್ತು. ಮಂಚಮ್ಮತ್ತೆ ದುಂಡಮ್ಮನ ಮನೆಯ ಮುಂದೆ ಮೂವತ್ತೊಂದು ವರ್ಷಗಳಿಂದ ಹೋಗಿಲ್ಲ ಎಂಬುದು ಕೂಸಿಗೂ ಗೊತ್ತಿರುವ ವಿಷಯ. ಆ ಜಗಳದಿಂದಾಗಿ ಮೇಗಲಹಟ್ಟಿಗೆ ಅಷ್ಟು ವರ್ಷಗಳಿಂದ ಗುಡ್ಡದ ನೀರಿಲ್ಲ, ಅವರು ಹಳ್ಳದ ಮರಳು ತೋಡಿ ಬಸಿದುಕೊಂಡು ಕುಡಿಯುತ್ತಾರೆ. ಜಗಳ ಯಾತಕ್ಕೆ ಎಂಬುದು ಮಾತ್ರ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಾಮಕರಣದಲ್ಲಿ ದುಂಡಮ್ಮ ಅತ್ತೆಯ ಎಲೆಗೆ ಹೋಳಿಗೆ ಬಡಿಸದೆ ಮುಂದೆ ಹೋದಳಂತೆ ಎಂದು ಕೆಲವರು. ಕೋಳಿ ಕಾರಣ ಎಂದು ಉಳಿದವರು: ಅತ್ತೆಯ ಹುಂಜ ದುಂಡಮ್ಮನ ಮನೆಗೆ ಹೋಗಿ ವಾಪಸು ಬರಲಿಲ್ಲವಂತೆ, ಸಾರಿನ ವಾಸನೆ ಮಾತ್ರ ಬಂತಂತೆ. ನಾನು ಕೋಳಿಯ ಪಕ್ಷ. ಇಷ್ಟು ದೀರ್ಘ ಜಗಳಕ್ಕೆ ಹೋಳಿಗೆ ಸಾಲದು ಎಂಬುದು ನನ್ನ ವಾದವಾಗಿತ್ತು.

"ಪೈಪನ್ನೇ ಸುತ್ತು ಹಾಕಿಸಿ ಮೇಡಂ" ಅಂದೆ. ಜುಬೇದಾ ಮೇಡಂ ಉಳಿದ ಪೈಪುಗಳನ್ನು ತೋರಿಸಿದರು. ನಾಲ್ಕೇ ನಾಲ್ಕು. ಸುತ್ತಿನ ದಾರಿ ಅರ್ಧ ಮೈಲಿ, ಅದೂ ಬರೀ ಬಂಡೆ. ಹೊಸ ಪೈಪು ಬರುವುದು ಮಳೆಗಾಲ ಕಳೆದ ಮೇಲೆ. "ಅಲ್ಲಿಯವರೆಗೆ ಮಕ್ಕಳ ಗತಿ?" ಎಂದು ಅವರೇ ಕೇಳಿದರು. ಮೋಡ ಆಗಲೇ ಕಟ್ಟುತ್ತಿತ್ತು.

ಬೇರೆ ಯಾರಾದರೂ ನಡೆದರೆ? ಅತ್ತೆಯ ಸೊಸೆಯಂದಿರು ನಡೆದರು, ನೀರು ತಲೆಯೆತ್ತಲಿಲ್ಲ. ಕೊನೆಗೆ ನಾನು ಒಂದು ಉಪಾಯ ಮಾಡಿದೆ. ಅತ್ತೆಯ ಹಳೆಯ ಸೀರೆ ಉಟ್ಟು, ಅವಳ ಚಪ್ಪಲಿ ಮೆಟ್ಟಿ, ಬಾಯಿಗೆ ಎಲೆಅಡಿಕೆ ತುಂಬಿಕೊಂಡು, ಸ್ವಲ್ಪ ಕುಂಟುತ್ತ, ಒರತೆಯ ಮುಂದೆ "ಏಳು, ಹೊತ್ತಾಯ್ತು" ಅಂದೆ. ಮೀಸೆಯನ್ನು ಸೆರಗಲ್ಲಿ ಮುಚ್ಚಿಕೊಂಡಿದ್ದೆ. ನೀರು ಎದ್ದಿತು! ಪೈಪಿನೊಳಗೆ ಹೊಕ್ಕು ಹತ್ತು ಮಾರು ಬಂತು. ಅಲ್ಲಿ ಅದಕ್ಕೆ ಏನೋ ಅನುಮಾನ ಬಂದಿರಬೇಕು. ನಿಂತಿತು. ಆಮೇಲೆ ಕುಲುಕುಲು ಎಂದು ಹಿಂದಕ್ಕೆ ಹೋಯಿತು. ನೀರು ನಕ್ಕಿತು ಎಂದು ನಾನು ಈಗಲೂ ಆಣೆ ಮಾಡಿ ಹೇಳಬಲ್ಲೆ. ಮೇಡಂ ಅಂತೂ ನಕ್ಕು ನಕ್ಕು ಸ್ಕೂಟರಿಗೆ ಒರಗಿದರು.

ಅದೇ ವಾರ ಮೊದಲ ಮಳೆ ಬಿತ್ತು, ತಿಪ್ಪೆಗಳು ನೆನೆದವು. ನಾಲ್ಕನೆಯ ದಿನ ಶಾಲೆಯಿಂದ ಬಂದ ರತುನಿ ಚೀಲವನ್ನೂ ತೆಗೆಯದೆ ಗೋಡೆಗೆ ಒರಗಿ ಕೂತಳು. ಹಣೆ ಮುಟ್ಟಿದೆ, ಸುಡುತ್ತಿತ್ತು. "ಕಟ್ಟೆ ನೀರು ಕುಡಿದ್ಯಾ?" ಅಂದೆ. "ಒಂದೇ ಬೊಗಸೆ ಅಪ್ಪ" ಅಂದಳು. ಚೆನ್ನಿ ಮಗುವನ್ನು ಮಡಿಲಿಗೆ ಎಳೆದುಕೊಂಡು ಉಪ್ಪುಸಕ್ಕರೆಯ ನೀರು ಕುಡಿಸತೊಡಗಿದಳು. ನಾನು ನೇರವಾಗಿ ಅತ್ತೆಯ ಮನೆಗೆ ಹೋದೆ. ಹಿರಿಯರಿಗೆ ಆಡಬಾರದ ಮಾತನ್ನು ಆಡಿದೆ.

"ಒಂದು ಕೋಳಿಗೋಸ್ಕರ ನನ್ ಮಗೀನ ಸಾಯಿಸ್ತೀಯೇನತ್ತೆ? ಇಪ್ಪತ್ತು ಹೆಜ್ಜೆ ಅವಳ ಬಾಗ್ಲ ಮುಂದೆ ನಡೆದ್ರೆ ನಿನ್ ಗಂಟು ಏನು ಹೋಯ್ತದೆ? ಅಷ್ಟು ಹಟವಾ?"

ಅತ್ತೆ ಹುರುಳಿ ಆರಿಸುತ್ತಿದ್ದಳು. ಮೊರವನ್ನು ಕೆಳಗಿಟ್ಟಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. "ಕೋಳಿ ಅಲ್ಲ ಕಣ್ಲಾ" ಅಂದಳು.

"ಮತ್ತೇನು? ಹೋಳಿಗೆನಾ?"

"ಕೂಸು" ಅಂದಳು.

ಆಮೇಲೆ ಹೇಳಿದಳು. ದುಂಡಮ್ಮ ಅವಳ ಜೊತೆಯಲ್ಲೇ ಆಡಿ ಬೆಳೆದವಳು. ಬಹಳ ವರ್ಷ ಮಕ್ಕಳಿರಲಿಲ್ಲ, ಹರಕೆ ಹೊತ್ತು ಹೊತ್ತು ನಲವತ್ತರ ಹತ್ತಿರ ಒಂದು ಗಂಡು ಹುಟ್ಟಿತು. ಆಗೆಲ್ಲ ಅತ್ತೆ ನೀರನ್ನು ದುಂಡಮ್ಮನ ಬಾಗಿಲ ಮುಂದೆಯೇ ತರುತ್ತಿದ್ದಳು, ಮೊದಲ ಬಿಂದಿಗೆ ಅವಳಿಗೇ. ಒಂದು ಮಳೆಗಾಲದ ಬೆಳಿಗ್ಗೆ ಹಳ್ಳದ ದಾರಿಯಲ್ಲಿ ಎಮ್ಮೆಗರು ಸತ್ತು ಬಿದ್ದಿತ್ತು. "ಸುತ್ತಿ ಬರಬೇಕಾಗಿತ್ತು. ಕಾಲು ನೋಯ್ತಿತ್ತು ಕಣಪ್ಪ, ಒಂದಿನಕ್ಕೇನು ಅಂತ ಅದರ ಪಕ್ಕದಲ್ಲೇ ಬಂದ್ಬುಟ್ಟೆ. ನಾನು ಬಂದಂಗೆ ನೀರೂ ಬಂತು." ಐದನೆಯ ದಿನಕ್ಕೆ ದುಂಡಮ್ಮನ ಕೂಸು ಹೋಯಿತು. ಒಂದೂವರೆ ವರ್ಷದ್ದು. ಮಾರನೆಯ ದಿನ ದುಂಡಮ್ಮ ಹೊಸಲಿನ ಮೇಲೆ ನಿಂತು, "ನಿನ್ ಕಾಲಿಂದೆ ಬಂದ ನೀರು ನನ್ ಮಗನ್ನ ತಕ್ಕೊಂಡೋಯ್ತು. ಇನ್ಮ್ಯಾಕೆ ಈ ಬಾಗ್ಲ ಮುಂದೆ ನೀರು ತರಬ್ಯಾಡ" ಅಂದಳಂತೆ.

"ಅವಳು ತರಬ್ಯಾಡ ಅಂದ್ಲು, ನಾನು ತರಲಿಲ್ಲ. ಅಷ್ಟೇ. ನಂದೇನು ಹಟ ಅದರಲ್ಲಿ?" ಅಂದಳು ಅತ್ತೆ.

ಊರೆಲ್ಲ ಮೂವತ್ತೊಂದು ವರ್ಷ ಜಗಳ ಎಂದು ನಕ್ಕದ್ದು ಜಗಳವೇ ಆಗಿರಲಿಲ್ಲ. ಒಬ್ಬಳು ಆಡಿದ ಮಾತನ್ನು ಇನ್ನೊಬ್ಬಳು ದಿನವೂ ಅರ್ಧ ಮೈಲಿ ಬಂಡೆ ಹತ್ತಿಳಿದು ನಡೆಸಿಕೊಡುತ್ತಿದ್ದಳು. ನನಗೆ ನಾಚಿಕೆಯಾಯಿತು. ಅತ್ತೆಯ ಕಾಲು ಹಿಡಿದೆ. "ಬುಡು ಬುಡು, ಜ್ವರದ ಮಗು ಮನೇಲದೆ, ಇಲ್ಲೇನು ನಾಟಕ" ಎಂದು ಕೊಡವಿಕೊಂಡಳು.

ರತುನಿಯ ಜ್ವರ ಎರಡು ದಿನಕ್ಕೆ ಇಳಿಯಿತು. ಒಂದೇ ಬೊಗಸೆಯಾದ್ದರಿಂದ ಬಚಾವಾಯಿತು ಎಂದರು ಡಾಕ್ಟರು, ಎರಡನೆಯ ಬೊಗಸೆಯ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅತ್ತೆ ಬಂದು, "ನಡಿ, ದುಂಡಿ ಮನೆಗೆ ಹೋಗಬೇಕು. ಒಬ್ಬಳೇ ಹೋಗಕೆ ಕಾಲು ಬರಾಕಿಲ್ಲ" ಅಂದಳು. ಆ ಬೆಳಿಗ್ಗೆ ಅವಳು ನೀರು ತರಲು ಗುಡ್ಡಕ್ಕೆ ಹೋಗಿರಲಿಲ್ಲ. ಬೀದಿಯ ಕೊಚ್ಚೆಗಳು ಎದ್ದು ಬರಬಾರದೆಂದು ಒಣಗಿದ ಜಾಗಗಳನ್ನೇ ನೋಡಿ ಹೆಜ್ಜೆ ಇಟ್ಟಳು.

ದುಂಡಮ್ಮ ಅಂಗಳ ಗುಡಿಸುತ್ತಿದ್ದಳು. ಗಿಡ್ಡ ಹೆಂಗಸು, ಬೆನ್ನು ಬಾಗಿದೆ, ಕಣ್ಣು ಮಾತ್ರ ಸೂಜಿ. ನಮ್ಮನ್ನು ಕಂಡು ಪೊರಕೆ ನಿಲ್ಲಿಸಿದಳು. ಅತ್ತೆ ಅಂಗಳದ ಗೆರೆಯ ಆಚೆಯೇ ನಿಂತಳು. ನಾನು ಕೆಮ್ಮಿದೆ. ಅದರಿಂದ ಏನೂ ಉಪಯೋಗವಾಗಲಿಲ್ಲ.

"ಮುದುಕಿ ಆಗಿದ್ದೀಯ" ಅಂದಳು ದುಂಡಮ್ಮ.

"ನೀನೇನು ಮೊನ್ನೆ ಮೈನೆರೆದಿದ್ದೀಯಾ" ಅಂದಳು ಅತ್ತೆ. ಆಮೇಲೆ ದನಿ ಇಳಿಯಿತು. "ದುಂಡಿ, ಅವತ್ತು ನೀನು ಅಂದಿದ್ದು ದಿಟ. ಸುತ್ತಿ ಬರಬೇಕಾಗಿತ್ತು, ಬರಲಿಲ್ಲ. ಇದನ್ನ ಆವತ್ತೇ ಬಂದು ಹೇಳಬೇಕಾಗಿತ್ತು, ಅದಕ್ಕೂ ಕಾಲು ಬರಲಿಲ್ಲ."

ದುಂಡಮ್ಮ ಪೊರಕೆಯ ಹಿಡಿಯನ್ನೇ ನೋಡುತ್ತ ನಿಂತಳು. "ಈಗ್ಯಾಕೆ ಬಂದೆ?"

"ನೀರು ತರಲಾ ಅಂತ ಕೇಳಕೆ."

"ಅದೇ ನೀರಾ?"

"ಅದೇ ನೀರು. ಆದ್ರೆ ಈ ಕೊಳವೇಲಿ ಬತ್ತದೆ. ಏನನ್ನೂ ಮುಟ್ಟಾಕಿಲ್ಲವಂತೆ."

"ಅಂತೆಗಿಂತೆ ಬ್ಯಾಡ" ಅಂದಳು ದುಂಡಮ್ಮ. ಪೊರಕೆಯನ್ನು ಗೋಡೆಗೆ ಒರಗಿಸಿ, ಊರುಗೋಲು ತೆಗೆದುಕೊಂಡಳು. "ನಾನೇ ನೋಡ್ತೀನಿ."

ಆ ಒಂದು ಬೆಳಗನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. ಎಪ್ಪತ್ತು ದಾಟಿದ ಹೆಂಗಸು ತನ್ನ ಬಾಗಿಲಿನಿಂದ ಗುಡ್ಡದವರೆಗೆ ಪೈಪಿನ ಅಂಚು ಹಿಡಿದು ನಡೆದಳು. ಒಂದೊಂದು ಜೋಡಣೆಯ ಹತ್ತಿರವೂ ಬಗ್ಗಿ, ಕೋಲಿನಿಂದ ತಟ್ಟಿ, ಬೆರಳಾಡಿಸಿ ನೋಡಿದಳು. "ಇಲ್ಲಿ ಇರುವೆ ನುಗ್ಗಾಕಿಲ್ವಾ?" "ಇಲ್ಲವ್ವ." "ಇಲ್ಲಿ ಮಣ್ಣು?" "ಇಲ್ಲವ್ವ." "ಇದು ಯಾಕೆ ಸೊಟ್ಟಗದೆ?" "ಅದು... ಆವತ್ತು ಚೆನ್ನಿ ಊಟಕ್ಕೆ ಕೂಗಿದ್ಲು, ಅರ್ಜೆಂಟಾಯ್ತು." ಸೊಟ್ಟಗಿದ್ದುದನ್ನು ಬಿಚ್ಚಿಸಿ ಮತ್ತೆ ಹಾಕಿಸಿದಳು. ಸುದ್ದಿ ತಿಳಿದು ಜುಬೇದಾ ಮೇಡಂ ಸ್ಕೂಟರಿನಲ್ಲಿ ಬಂದವರು ಇಳಿದು, ಪುಸ್ತಕ ತೆರೆದು ಸುಮ್ಮನೆ ಅವಳ ಹಿಂದೆ ನಡೆದರು. ತಮ್ಮ ಮೇಲಿನ ಅಧಿಕಾರಿ ಬಂದಾಗಲೂ ಅವರು ಅಷ್ಟು ವಿನಯವಾಗಿ ನಿಂತದ್ದನ್ನು ನಾನು ನೋಡಿಲ್ಲ. ಅತ್ತೆ ಎಲ್ಲರಿಗಿಂತ ಹಿಂದೆ ಬಂದಳು.

ಕೊನೆಗೆ ಒರತೆ. ದುಂಡಮ್ಮ ಪೈಪಿನ ಬಾಯಿ ನೋಡಿದಳು. "ಇದೇನು ಬಾಯ್ಬುಟ್ಕೊಂಡು ಕೂತದೆ? ಕಪ್ಪೆ ಹೋದ್ರೆ? ಹಾವಿನಮರಿ ಹೋದ್ರೆ?"

ಮೇಡಂ ನನ್ನ ಕಡೆ ತಿರುಗಿದರು. "ಬೋರಯ್ಯ, ಬಾಯಿಗೆ ಹಾಕಲು ಸ್ಟೀಲಿನ ಜಾಲರಿ ಕೊಟ್ಟಿದ್ದೆನಲ್ಲ, ಎಲ್ಲಿ?"

ಭೂಮಿ ಬಾಯಿಬಿಟ್ಟರೆ ಇಳಿದುಬಿಡೋಣ ಅನ್ನಿಸಿತು. ಜಾಲರಿ ನಮ್ಮ ಮನೆಯಲ್ಲಿತ್ತು. ಮಳೆಗೆ ಮೊದಲು ಹಾಕಿದರಾಯಿತು ಎಂದು ಒಯ್ದಿಟ್ಟಿದ್ದೆ, ಚೆನ್ನಿ ಅದರ ಮೇಲೆ ಹಪ್ಪಳ ಸುಡುತ್ತಿದ್ದಳು. ಒಳ್ಳೆಯ ಹಪ್ಪಳ, ನಾನೂ ತಿಂದಿದ್ದೆ. ಸುಳ್ಳು ಹೇಳಬಹುದಿತ್ತು. ಆದರೆ ಆ ಸೂಜಿಗಣ್ಣಿನ ಮುಂದೆ ನಾಲಿಗೆ ಹೊರಳಲಿಲ್ಲ, ಇದ್ದದ್ದನ್ನು ಹೇಳಿದೆ.

"ನಿನ್ ಮಗಳಿಗೇ ತಾನೆ ಹೊಟ್ಟೆ ಹಿಡಿದಿದ್ದು?" ಅಂದಳು ದುಂಡಮ್ಮ. ಅಷ್ಟಕ್ಕೇ ನನ್ನ ಕಣ್ಣಲ್ಲಿ ನೀರು ಬಂತು. ಸೈಕಲ್ ತುಳಿದು ಊರಿಗೆ ಹೋಗಿ, ಜಾಲರಿಯನ್ನು ಬೂದಿ ಹಾಕಿ ಉಜ್ಜಿ, ಬಿಸಿನೀರಲ್ಲಿ ತೊಳೆದು ತಂದೆ. ಅವಳ ಎದುರಿಗೇ ಮೂರು ತಿರುಪು ಬಿಗಿದೆ. ಅವಳು ಕೋಲಿನ ತುದಿಯಿಂದ ಎಳೆದು ನೋಡಿದಳು. ಅಲ್ಲಾಡಲಿಲ್ಲ.

"ಹೂಂ. ಕರಿ ಮಂಚಿ" ಅಂದಳು.

ಅತ್ತೆ ಒರತೆಯ ಮುಂದೆ ನಿಂತಳು. "ಏಳವ್ವ. ಹೊತ್ತಾಯ್ತು. ಬಲು ಹೊತ್ತಾಯ್ತು."

ನೀರು ಜಾಲರಿ ದಾಟಿ ಪೈಪು ಹೊಕ್ಕಿತು. ಅತ್ತೆ ಮುಂದೆ, ಅವಳ ಪಕ್ಕ ಕೋಲೂರಿಕೊಂಡು ದುಂಡಮ್ಮ. ದಾರಿಯಲ್ಲಿ ಇಬ್ಬರೂ ಮಾತು ಶುರುಮಾಡಿದರು. ಮೊದಲು ಮಂಡಿನೋವು, ಆಮೇಲೆ ಸತ್ತವರು, ಆಮೇಲೆ ಬದುಕಿರುವವರ ಮೇಲಿನ ದೂರು. ನಾನು ಆಗಾಗ ಪೈಪಿಗೆ ಕಿವಿ ಇಡುತ್ತಿದ್ದೆ, ನೀರು ಬರುತ್ತಲೇ ಇತ್ತು. "ನನ್ನ ಹುಂಜ ತಿಂದಿದ್ದು ನೀನೇ ತಾನೆ?" ಎಂದು ಅತ್ತೆ ಕೇಳಿದ್ದು ಕಿವಿಗೆ ಬಿತ್ತು. "ತಿಂದೆ. ಗಟ್ಟಿಯಾಗಿತ್ತು" ಅಂದಳು ದುಂಡಮ್ಮ. ಅಂತೂ ಕೋಳಿಯೂ ನಿಜವೇ.

ಅಂಗಳ ಬಂತು. ಇಪ್ಪತ್ತು ಹೆಜ್ಜೆ ಇರುವಾಗ ಅತ್ತೆಯ ಕಾಲು ತಾನಾಗಿ ಎಡಕ್ಕೆ ವಾಲಿತು. ಪೈಪು ಗುಡುಗಿತು. ನಾನು ಓಡಿಹೋಗಿ ಜೋಡಣೆಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದೆ. ದುಂಡಮ್ಮ ಮಾತ್ರ ನಿಲ್ಲದೆ ನಡೆದು, ಅಂಗಳ ದಾಟಿ, ಹೊಸಲಿನ ಮೇಲೆ ನಿಂತು ಇತ್ತ ತಿರುಗಿದಳು. ಮೂವತ್ತೊಂದು ವರ್ಷದ ಹಿಂದೆ ನಿಂತಿದ್ದ ಅದೇ ಹೊಸಲು.

"ಬಾ ಮಂಚಿ" ಅಂದಳು. "ನೀರು ತಕ್ಕಂಡು ಬಾ."

ಅತ್ತೆ ಬಂದಳು. ಒಂದೊಂದೇ ಹೆಜ್ಜೆ. ನನ್ನ ಕೈಯೊಳಗೆ ಪೈಪು ತಣ್ಣಗಾಯಿತು, ನೀರು ನೇರವಾಗಿ ಮುಂದಕ್ಕೆ ಹೋಯಿತು. ಮೇಡಂ ಬಾಗಿಲ ಪಕ್ಕದ ನಲ್ಲಿ ತಿರುಗಿಸಿದರು. ಮೊದಲು ಗಾಳಿ ಉಸ್ಸೆಂದಿತು, ಆಮೇಲೆ ಒರತೆಯಲ್ಲಿ ಕಂಡ ಅದೇ ಗಾಜಿನಂಥ ನೀರು ಸುರಿಯಿತು. ಹಟ್ಟಿಯ ಹೆಂಗಸರು ಬಿಂದಿಗೆ ಹಿಡಿದು ಓಡಿಬಂದರು. "ನಿಂತ್ಕಳಿ" ಅಂದಳು ದುಂಡಮ್ಮ. ಎಲ್ಲರೂ ನಿಂತರು.

ಅವಳು ಒಳಗೆ ಹೋಗಿ, ಕೂಸುಗಳಿಗೆ ಹಾಲು ಕುಡಿಸುವ ಹಿತ್ತಾಳೆಯ ಒಳಲೆ ತಂದಳು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಮನೆಯಲ್ಲಿ ಮತ್ತೊಂದು ಕೂಸು ಆಡಲೇ ಇಲ್ಲ, ಆದರೂ ಅದು ದಿನವೂ ಬೆಳಗಿದ ಹಾಗೆ ಹೊಳೆಯುತ್ತಿತ್ತು. ಅದನ್ನು ನಲ್ಲಿಗೆ ಹಿಡಿದು ತುಂಬಿಸಿದಳು. ಕುಡಿಯಲಿಲ್ಲ. ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಯ ಹಿಂದಿನ ಹೊಂಗೆಮರದ ಕಡೆ ನಡೆದಳು. ಅತ್ತೆಯೂ ಹಿಂದೆ ಹೋದಳು. ಮರದ ಬುಡದಲ್ಲಿ ಒಂದು ಚಪ್ಪಟೆ ಕಲ್ಲಿತ್ತು. ದುಂಡಮ್ಮ ಅದರ ಪಕ್ಕ ಕೂತು, ಮಗುವಿನ ಬಾಯಿಗೆ ಬಿಡುವ ಹಾಗೆಯೇ, ನಿಧಾನವಾಗಿ, ಒಳಲೆಯ ಮೂತಿಯಿಂದ ನೀರು ಬಿಟ್ಟಳು. "ಕುಡಿಯಪ್ಪ" ಅಂದಳು. "ಒಳ್ಳೇ ನೀರು. ಅವ್ವ ನೋಡಿವ್ನಿ."

ನಾವೆಲ್ಲ ಅಂಗಳದಲ್ಲಿ ಕಾದೆವು. ನಲ್ಲಿಯೂ ನಿಂತುಹೋಗಿತ್ತು, ಪೈಪಿನೊಳಗೆ ಸದ್ದಿಲ್ಲ. ಅತ್ತೆ ಅಲ್ಲಿ ಕೂತಿದ್ದಳಲ್ಲ, ನೀರೂ ಕೂತಿತ್ತು. ಯಾರೂ ಬೇಗ ಅನ್ನಲಿಲ್ಲ. ಹತ್ತು ಹನ್ನೆರಡು ನಿಮಿಷ ಆಗಿರಬೇಕು, ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಎದ್ದು ಬಂದರು. ದುಂಡಮ್ಮ ಒಳಲೆಯನ್ನು ಸೆರಗಿನಲ್ಲಿ ಒರೆಸಿ, "ನಡಿಯೇ ಮಂಚಿ. ಆ ಊರಿನ ಕೂಸುಗಳು ಕಾಯ್ತಾ ಅವೆ" ಅಂದಳು.

ಇದೆಲ್ಲ ಆಗಿ ಈಗ ಒಂದು ಪೂರ್ತಿ ಮಳೆಗಾಲ ಕಳೆದಿದೆ. ರತುನಿ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. ತರಗತಿಯಲ್ಲಿ ಬಹಳ ಮಾತಾಡುತ್ತಾಳೆ ಎಂದು ಮೇಷ್ಟ್ರು ದೂರು ಹೇಳಿದಾಗ ನಾನು ಅವರಿಗೆ ಟೀ ಕುಡಿಸಿದೆ. ಚೆನ್ನಿ ಹಪ್ಪಳವನ್ನು ಕೆಂಡದ ಮೇಲೇ ಸುಡುತ್ತಾಳೆ. ಪೈಪಿಗೆ ಮಣ್ಣು ಮುಚ್ಚಿ ಅದರ ಮೇಲೆ ಒಂದು ಕಾಲುದಾರಿ ಬಿದ್ದಿದೆ, ಅಗಲ ಸರಿಯಾಗಿ ಇಬ್ಬರು ನಡೆಯುವಷ್ಟು. ಒಂದು ಮಾತ್ರ ಹಾಗೇ ಉಳಿಯಿತು. ಏಳೂವರೆಗೆ ಬರಬೇಕಾದ ನೀರು ದಿನವೂ ಏಳೂಮುಕ್ಕಾಲಿಗೆ ಬರುತ್ತದೆ. ಜುಬೇದಾ ಮೇಡಂ ನಕ್ಷೆ ತೆಗೆದು ದುಂಡಮ್ಮನ ಮನೆಯ ಜಾಗದಲ್ಲಿ ಪೆನ್ಸಿಲಿನಲ್ಲಿ ಇನ್ನೊಂದು ಸಾಲು ಸೇರಿಸಿದ್ದಾರೆ: ಇಲ್ಲಿ ಕಾಯತಕ್ಕದ್ದು.

ಮೊನ್ನೆ ರತುನಿ ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು, ನಲ್ಲಿ ತಿರುಗಿಸಿ, ಒಳಗೆ ಇಣುಕಿ ನೋಡಿದಳು. "ಇನ್ನೂ ಬರ್ಲಿಲ್ವಲ್ಲಪ್ಪ, ಏನು ಮಾಡ್ತಾ ಅದೆ ನೀರು?"

"ದಾರೀಲಿ ಒಬ್ಬ ತಮ್ಮನಿಗೆ ಕುಡಿಸಿ ಬತ್ತದೆ ಕಣವ್ವ" ಅಂದೆ.

"ಹಂಗಾದ್ರೆ ಕುಡಿಸ್ಲಿ" ಅಂದಳು, ಬಿಂದಿಗೆಯ ಪಕ್ಕ ಕೂತಳು.